ಘಟ್ಟದ ಮೇಲಿನ ಪರಿಚಯ

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿ ಕಡೆಯ ನಮಗೆ ಒಂದು ಅನುಕೂಲ ಉಂಟು. ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟ ಘಟ್ಟದ ಮೇಲೆ. ಆಗುಂಬೆ, ಶೃಂಗೇರಿ, ಕಳಸ, ಕೊಟ್ಟಿಗೆಹಾರ, ಮಡಿಕೇರಿ, ಯಾವುದೂ ದೂರ ಅಲ್ಲ. ಆದರೆ ನಮ್ಮಲ್ಲಿ ಜಾಸ್ತಿ ಜನ ಹೋಗುವುದು ಕಾರಿನಲ್ಲಿ. ವ್ಯೂ ಪಾಯಿಂಟಿನಲ್ಲಿ ಫೋಟೊ ತೆಗೆದು ಕತ್ತಲಾಗುವ ಮೊದಲು ವಾಪಸ್. ಅಲ್ಲಿಯವರ ಜೊತೆ ಆಡುವ ಮಾತು ಎರಡೇ: "ದಾರಿ ಯಾವ ಕಡೆ?", "ಬಿಲ್ ಎಷ್ಟಾಯ್ತು?"

ನಾನು ಹೇಳಹೊರಟಿರುವುದು ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಲೈನ್ ಬಸ್ಸಿನಲ್ಲಿ ಹೋಗುವ ತಿರುಗಾಟದ ಬಗ್ಗೆ.

ಆಗುಂಬೆ ಘಾಟಿಯನ್ನೇ ನೋಡಿ. ಸೋಮೇಶ್ವರದಿಂದ ಮೇಲೆ 14 ತಿರುವು. ದೊಡ್ಡ ಬಸ್ಸು ಹತ್ತುವುದಿಲ್ಲ, ಮಿನಿ ಬಸ್ಸೇ ಗತಿ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಮೇಲೆ ಎಷ್ಟು ಹೊತ್ತು ಮಾತಾಡದೆ ಇರುತ್ತೀರಿ? ಮಲೆನಾಡಿನಲ್ಲಿ ಬಸ್ಸೆಂದರೆ ಬರೀ ವಾಹನ ಅಲ್ಲ. ಒಬ್ಬರ ಮಾತ್ರೆ, ಇನ್ನೊಬ್ಬರ ಪೇಪರು, ಮತ್ತೊಬ್ಬರ ಪಂಪ್‌ಸೆಟ್ಟಿನ ಬಿಡಿಭಾಗ, ಎಲ್ಲ ಕಂಡಕ್ಟರ್ ಕೈಯಲ್ಲೇ ಹೋಗುವುದು. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದ್ದರು. 2020ರಲ್ಲಿ ಅದು ನಿಂತೇ ಹೋಯಿತು. ಆ ಬಸ್ಸಿನ ಸುದ್ದಿ ತೆಗೆದರೆ ಸಾಕು, ಪಕ್ಕದ ಸೀಟಿನವರು ಶೃಂಗೇರಿ ಬರುವವರೆಗೂ ಮಾತು ನಿಲ್ಲಿಸುವುದಿಲ್ಲ.

ಇನ್ನೊಂದು, ಬಸ್ಸು ತಪ್ಪಿದರೆ ಬೇಜಾರು ಮಾಡಬೇಡಿ. ಮುಂದಿನ ಬಸ್ಸು ನಾಲ್ಕು ಗಂಟೆಗೆ ಅಂದರೆ ಅಂಗಡಿಯ ಬೆಂಚು ಇದೆಯಲ್ಲ. ಅಲ್ಲಿ ಕೂತ ಕೂಡಲೇ ಕೇಳುತ್ತಾರೆ, "ಯಾವ ಊರಾಯ್ತು? ಮನೇಲಿ ಯಾರ್ಯಾರಿದ್ದಾರೆ?" ಇವರಿಗೆ ಯಾಕೆ ಬೇಕು ಇದೆಲ್ಲ ಅಂತ ಈಗಿನ ಹುಡುಗರು ಮುಖ ತಿರುಗಿಸುತ್ತಾರೆ. ನನ್ನ ಕೇಳಿದರೆ, ಸರಿಯಾಗಿ ಉತ್ತರ ಕೊಡಿ, ಆಮೇಲೆ ನೀವೂ ಕೇಳಿ.

ಕಳಸದ ಹತ್ತಿರದ ಒಂದು ಮನೆಗೆ ನಾನು ಹೋದದ್ದು ಹಾಗೇ. ಬೆಂಚಿನ ಮಾತು ಅಡಿಕೆಗೆ ಬಂತು. ನಮ್ಮಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗಿಸಿ ಚಾಲಿ ಮಾಡುತ್ತಾರೆ, ಅಲ್ವಾ? ಅಲ್ಲಿ ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ, ಹಿಡಿಸಿ ಕೆಂಪಡಿಕೆ ಮಾಡುತ್ತಾರೆ. "ಬನ್ನಿ, ನೋಡಿಯೇ ಹೋಗಿ" ಅಂದರು. ರಾತ್ರಿ ಹತ್ತಾದರೂ ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ಮಣೆಗೆ ಸಿಕ್ಕಿಸಿದ ಮೆಟ್ಟುಗತ್ತಿ, ಅದರ ಮೇಲೊಂದು ಕಾಲು. ಕಾಯಿ ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕೈ ಸುಲಿಯುತ್ತದೆ, ಬಾಯಿ ಊರಿನ ಸುದ್ದಿ ಹೇಳುತ್ತದೆ. ನನಗೂ ಒಂದು ಕತ್ತಿ ಕೊಟ್ಟರು. ನಾನು ಒಂದು ಸುಲಿಯುವಷ್ಟರಲ್ಲಿ ಪಕ್ಕದ ಅಜ್ಜಿ ಹಿಡಿ ತುಂಬ ಸುಲಿದು, "ಇವರಿಗೆ ಕೂಲಿ ಕೊಡಬೇಡಿ ಮಾರಾಯ್ರೆ" ಅಂತ ನಗಾಡಿದರು. ಅಲ್ಲಿಂದ ನಾನು ಅತಿಥಿ ಅಲ್ಲ, ಮನೆಯವರ ಪೈಕಿ.

ಕುದುರೆಮುಖದಲ್ಲಿ ಬೇರೆಯೇ ಮಾತು. ಅಲ್ಲಿಯ ಗಣಿಯ ಕಬ್ಬಿಣದ ಅದಿರು ಕೊಳವೆಯಲ್ಲಿ ನಮ್ಮ ಪಣಂಬೂರಿಗೆ ಬರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು. ಆದರೆ ಟೌನ್‌ಶಿಪ್ಪಿನ ಖಾಲಿ ಕ್ವಾರ್ಟರ್ಸ್ ಮುಂದೆ ನಿಂತು "ಇದು ನಮ್ಮ ಮನೆ ಆಗಿತ್ತು" ಅಂತ ಒಬ್ಬರು ತೋರಿಸಿದರೆ, ವಾದ ಮಾಡಲು ಹೋಗಬೇಡಿ. ಸುಮ್ನೆ ಕೇಳಿ.

ಒಂದೆರಡು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಗುಡ್ಡ ಹತ್ತುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಕೇಳದೆ ಕಾಫಿ ತೋಟಕ್ಕೆ ನುಗ್ಗಬೇಡಿ. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಹತ್ತಿಯೇ ಹತ್ತುತ್ತದೆ. ಉಪ್ಪು ಇಟ್ಟುಕೊಳ್ಳಿ, ಕಿರುಚಬೇಡಿ, ನೋಡುವವರು ನಗುತ್ತಾರೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮಗೆ ಘಟ್ಟ ಎಂದರೆ ಹವಾ, ಕಾಫಿ, ಮಂಜು. ಅವರಿಗೆ ಮಂಗಳೂರು, ಮಣಿಪಾಲ ಎಂದರೆ ಹೆಚ್ಚಾಗಿ ಆಸ್ಪತ್ರೆ. ನಾವು ಹತ್ತುವುದು ಖುಷಿಗೆ, ಅವರು ಇಳಿಯುವುದು ಕಷ್ಟಕ್ಕೆ. ಅವರ ಜಗಲಿಯಲ್ಲಿ ಉಂಡು ಮಲಗಿ ಬಂದವರು, ಅವರ ಫೋನ್ ಬಂದಾಗ ಎತ್ತುತ್ತೇವಾ? ಡಾಕ್ಟರ್ ಎಷ್ಟು ಗಂಟೆಗೆ ಸಿಗುತ್ತಾರೆ, ಹತ್ತಿರದಲ್ಲಿ ಲಾಡ್ಜ್ ಇದೆಯಾ ಅಂತ ಕೇಳಿದರೆ ಹೋಗಿ ವಿಚಾರಿಸುತ್ತೇವಾ? ಅಲ್ಲಿ ಗೊತ್ತಾಗುತ್ತದೆ ಸ್ನೇಹ ಎಷ್ಟು ಅಂತ.

ಮೊನ್ನೆ ಕಳಸದಿಂದ ಫೋನ್ ಬಂತು. ಆ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್, ಉಳಿದುಕೊಳ್ಳಲು ಎಲ್ಲಾದರೂ ಜಾಗ ಇದೆಯಾ ಅಂತ. "ನಮ್ಮ ಮನೆ ಉಂಟಲ್ಲ" ಅಂದೆ. ಮುಂದಿನ ವಾರ ಬರುತ್ತಾರೆ. ಅಜ್ಜಿ ಮೀನು ತಿನ್ನುವವರಲ್ಲ, ಹಾಗಾಗಿ ಅವರು ಇರುವಷ್ಟು ದಿನ ನಮ್ಮಲ್ಲಿ ಬಂಗುಡೆಗೆ ರಜೆ. ಮನೆಯಲ್ಲಿ ಮಕ್ಕಳು ಈಗಲೇ ಗೊಣಗಲು ಶುರು ಮಾಡಿದ್ದಾರೆ.

ನಮಸ್ಕಾರ.