ಮೂರನೆಯ ದಿನ ಬರದಿದ್ದರೆ?

ಕೇಳುಗರಿಗೆ ನಮಸ್ಕಾರ.

ಕೊಡಗಿನ ಯಾವ ಕಾಫಿ ಬೆಳೆಗಾರರನ್ನು ಮಾತನಾಡಿಸಿದರೂ ಮೊದಲು ಕಿವಿಗೆ ಬೀಳುವುದು ಒಂದೇ ದೂರು: ಕೆಲಸಕ್ಕೆ ಜನ ಸಿಗುವುದಿಲ್ಲ. ಕುಯ್ಲಿನ ಹೊತ್ತಿಗೆ ಅಸ್ಸಾಂನಿಂದ, ಪಶ್ಚಿಮ ಬಂಗಾಳದಿಂದ ಜನ ಬಂದಿಳಿಯುತ್ತಾರೆ. ಅದೇ ಊರಿನಲ್ಲಿ ಕೆಲಸ ಕೇಳಿ ಕೇಳಿ ಸಾಕಾಗಿ ಮನೆಯಲ್ಲಿ ಕುಳಿತವರೂ ಇದ್ದಾರೆ. ಜೈಲಿನಿಂದ ಬಿಡುಗಡೆಯಾದವರು, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಸುಧಾರಿಸಿಕೊಂಡವರು, ಕುಡಿತ ಬಿಟ್ಟವರು, ಶಾಲೆ ಅರ್ಧಕ್ಕೆ ನಿಂತ ಹಾಡಿಯ, ಅಂದರೆ ಬುಡಕಟ್ಟು ಜನರ ವಸತಿಯ, ಹುಡುಗರು. ಇಂಥವರ ಹೆಸರೆತ್ತಿದರೆ ಮೇಸ್ತ್ರಿ ಕೇಳುವ ಪ್ರಶ್ನೆ ಇದು: "ಎರಡು ದಿನ ಬಂದು ಮೂರನೆಯ ದಿನ ಬರದಿದ್ದರೆ?"

ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ಹಣ್ಣಾದ ಕಾಫಿ ಯಾರಿಗೂ ಕಾಯುವುದಿಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡದೆ "ಮಾನವೀಯತೆ ತೋರಿಸಿ" ಎಂದು ಭಾಷಣ ಮಾಡುವವರ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ.

ನ್ಯೂಯಾರ್ಕ್ ನಗರದಲ್ಲಿ ಮಾನಸಿಕ ಆಸ್ಪತ್ರೆಯಿಂದ ಹೊರಬಂದವರು ತಾವೇ ಸೇರಿ ಕಟ್ಟಿಕೊಂಡ ಕೂಟದಿಂದ ಬೆಳೆದದ್ದು ಫೌಂಟನ್ ಹೌಸ್ ಎಂಬ ಸಂಸ್ಥೆ. ಅದು ಶುರುವಾದದ್ದು 1948ರಲ್ಲಿ. ಮಧ್ಯಂತರ ಉದ್ಯೋಗ ಎಂಬ ಏರ್ಪಾಡು ಬೆಳೆದದ್ದು ಅಲ್ಲಿ. ಅದರ ಜಾಣತನ ಇರುವುದು ಇಲ್ಲಿ: ಕಂಪನಿಯಲ್ಲಿರುವ ಕೆಲಸದ ಜಾಗ ಒಬ್ಬ ವ್ಯಕ್ತಿಯದಲ್ಲ, ಸಂಸ್ಥೆಯದು. ಮೊದಲು ಸಂಸ್ಥೆಯ ಕಾರ್ಯಕರ್ತ ಹೋಗಿ ಆ ಕೆಲಸವನ್ನು ತಾನೇ ಮಾಡಿ ಕಲಿಯುತ್ತಾನೆ. ಆಮೇಲೆ ಸದಸ್ಯನನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಂತು ಕಲಿಸುತ್ತಾನೆ. ಸದಸ್ಯನಿಗೆ ಒಂದು ದಿನ ಏಳಲಾಗದಿದ್ದರೆ ಕಾರ್ಯಕರ್ತನೇ ಹೋಗಿ ಆ ದಿನದ ಕೆಲಸ ಮುಗಿಸುತ್ತಾನೆ. ಮಾಲೀಕನಿಗೆ ನಷ್ಟವಿಲ್ಲ, ಸದಸ್ಯನಿಗೆ ಕೆಲಸ ಹೋಗುವ ಭಯವಿಲ್ಲ. ಕೂಲಿಯನ್ನು ಮಾಲೀಕನೇ ಕೊಡಬೇಕು, ಅದೇ ಕೆಲಸಕ್ಕೆ ಉಳಿದವರಿಗೆ ಕೊಡುವಷ್ಟೇ ಕೊಡಬೇಕು. ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು, ಅರ್ಧ ಹೊತ್ತಿನ ಕೆಲಸ. ಅವಧಿ ಮುಗಿದ ಮೇಲೆ ಆ ಜಾಗ ಇನ್ನೊಬ್ಬ ಸದಸ್ಯನಿಗೆ. ಮೊದಲಿನವನು ತನ್ನ ಸ್ವಂತ ಕೆಲಸ ಹುಡುಕಿಕೊಂಡು ಹೋಗುತ್ತಾನೆ.

ಮೇಸ್ತ್ರಿಯ ಪ್ರಶ್ನೆಗೆ ಇದು ನೇರ ಉತ್ತರ. ಮೂರನೆಯ ದಿನ ಬರದಿದ್ದರೆ ಬೇರೆ ಯಾರು ಬರುತ್ತಾರೆ ಎಂಬುದು ಮೊದಲೇ ಗೊತ್ತಿರುತ್ತದೆ.

ಇದನ್ನು ನಮ್ಮ ತೋಟಗಳಿಗೆ ತರುವುದಾದರೆ ಯಾವ ಕೆಲಸದಿಂದ ಶುರು ಮಾಡಬೇಕು? ಎಲ್ಲರೂ ಹೇಳುವುದು ಕುಯ್ಲು. ನನಗೆ ಅದು ಸರಿ ಕಾಣುವುದಿಲ್ಲ. ಕುಯ್ಲಿಗೆ ಅನೇಕ ಕಡೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ತಕ್ಕಡಿಯ ಮುಂದೆ ಸಾಲು ನಿಂತಾಗ ಪಕ್ಕದವಳ ಚೀಲ ತುಂಬಿ ತುಳುಕುತ್ತಿರುತ್ತದೆ, ಮಾತ್ರೆಯ ಮಂಪರಿನಲ್ಲಿ ಬೆಳಿಗ್ಗೆ ನಿಧಾನವಾಗಿ ಶುರು ಮಾಡಿದವನ ಚೀಲ ಅರ್ಧವೂ ಆಗಿರುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ತೂಕವನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತಾನೆ. ಮರುದಿನ ಅವನು ಏಕೆ ಬರಲಿಲ್ಲ ಎಂದು ಬೇರೆ ಹೇಳಬೇಕೇ?

ನರ್ಸರಿ ಹಾಗಲ್ಲ. ಕಾಫಿ ಬೀಜ ಬಿತ್ತುವುದು ಡಿಸೆಂಬರ್, ಜನವರಿಯಲ್ಲಿ. ಸುಮಾರು ಒಂದೂವರೆ ತಿಂಗಳಿಗೆ ಮೊಳಕೆ ಬೀಜದ ಹೊಟ್ಟನ್ನು ತಲೆಯ ಮೇಲೆ ಹೊತ್ತು ಮಣ್ಣಿನಿಂದ ಏಳುತ್ತದೆ, ಟೋಪಿ ಇಟ್ಟುಕೊಂಡಂತೆ. ಆಗ ಅದನ್ನು ಪಾತಿಯಿಂದ ಎತ್ತಿ ಪಾಲಿಥಿನ್ ಚೀಲಕ್ಕೆ ಹಾಕಬೇಕು. ಚೀಲಕ್ಕೆ ಆರು ಪಾಲು ಜರಡಿ ಹಿಡಿದ ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ನೆರಳಿನಲ್ಲಿ ಕುಳಿತು ಮಾಡುವ ಕೆಲಸ. ಬೇರು ಮಡಚಿಕೊಳ್ಳದಂತೆ ನೆಡಬೇಕು, ಅವಸರ ಮಾಡಿದವನಿಗಿಂತ ನಿಧಾನದವನೇ ಇಲ್ಲಿ ಉತ್ತಮ ಕೆಲಸಗಾರ. ಆಮೇಲೆ ನೀರು, ಕಳೆ, ನೆರಳಿನ ಹೊಂದಾಣಿಕೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಿಡ ತೋಟಕ್ಕೆ ಹೋಗುತ್ತದೆ. ಡಿಸೆಂಬರಿನಿಂದ ಜೂನ್ ಎಂದರೆ ಏಳು ತಿಂಗಳು. ಫೌಂಟನ್ ಹೌಸಿನ ಅವಧಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಪಂಚಾಂಗ ನಮಗೆ ಬೇರೆ ಬೇಕಿಲ್ಲ.

ಇನ್ನು ಫಲಿತಾಂಶದ ಮಾತು. ಇದನ್ನು ಮುಚ್ಚಿಡಬಾರದು. ಅಮೆರಿಕದಲ್ಲಿ 1975ರಲ್ಲಿ ಇಂಥದೇ ಒಂದು ದೊಡ್ಡ ಪ್ರಯೋಗ ನಡೆಯಿತು. ಸರ್ಕಾರದ ನೆರವಿನಲ್ಲೇ ದೀರ್ಘಕಾಲ ಬದುಕಿದ ತಾಯಂದಿರು, ವ್ಯಸನ ಬಿಟ್ಟವರು, ಜೈಲಿನಿಂದ ಬಂದವರು, ಶಾಲೆ ಬಿಟ್ಟ ಯುವಕರು, ಹೀಗೆ ನಾಲ್ಕು ಗುಂಪಿನವರಿಗೆ ಕೆಲಸ ಕೊಟ್ಟು ನೋಡಿದರು. ಹೆಚ್ಚು ಲಾಭ ಉಳಿದದ್ದು ತಾಯಂದಿರಿಗೆ. ಮುಂದೆ ನ್ಯೂಯಾರ್ಕಿನಲ್ಲಿ ಜೈಲಿನಿಂದ ಬಂದವರಿಗಾಗಿ ನಡೆದ ಕಾರ್ಯಕ್ರಮವನ್ನು ಪರೀಕ್ಷಿಸಿದಾಗ ಕೆಲಸದಲ್ಲಿರುವವರ ಸಂಖ್ಯೆ ಮೊದಲು ಏರಿತು, ವರ್ಷದೊಳಗೆ ಆ ಏರಿಕೆ ಕರಗಿತು. ಆದರೆ ಮತ್ತೆ ಅಪರಾಧಕ್ಕೆ ಇಳಿದವರ ಸಂಖ್ಯೆ ತಗ್ಗಿತು. ಬಿಡುಗಡೆಯಾದ ಮೂರು ತಿಂಗಳೊಳಗೆ ಸೇರಿದವರಲ್ಲಿ ಆ ಪರಿಣಾಮ ಹೆಚ್ಚು ಸ್ಪಷ್ಟವಾಗಿತ್ತು.

ನನಗೆ ತೋಚುವುದೇನೆಂದರೆ, ಮೊದಲ ಕೆಲಸ ಮುಗಿದ ಕೂಡಲೇ ಜೊತೆಯಲ್ಲಿದ್ದವನು ಕೈಬಿಟ್ಟರೆ ಹತ್ತಿದವನು ಜಾರುತ್ತಾನೆ. ಎರಡನೆಯ ಕೆಲಸ ಸಿಕ್ಕು ಅದರಲ್ಲಿ ನೆಲೆ ನಿಲ್ಲುವವರೆಗೆ ವಿಚಾರಿಸುವವರು ಬೇಕು. ಮತ್ತೆ, ಜೈಲಿನಿಂದ ಬಂದವನಿಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಂದು ಕಚೇರಿ ಸುತ್ತುವುದರಲ್ಲೇ ಆ ಮೂರು ತಿಂಗಳು ಕಳೆದುಹೋಗಬಾರದು. ಕಾಗದಪತ್ರದ ಕೆಲಸ ಮಡಿಕೇರಿಯ ಕಾರಾಗೃಹದ ಒಳಗಿರುವಾಗಲೇ ಮುಗಿಯಬೇಕು.

ನ್ಯೂಯಾರ್ಕಿನ ಆ ಕಾರ್ಯಕ್ರಮದಲ್ಲಿ ದಿನದ ಕೂಲಿ ದಿನವೇ ಕೊಡುತ್ತಿದ್ದರು. ನಮ್ಮಲ್ಲಿ ಬಟವಾಡೆ ಸಾಮಾನ್ಯವಾಗಿ ವಾರಕ್ಕೊಮ್ಮೆ. ಬಟವಾಡೆಯ ಸಂಜೆ ಮದ್ಯದ ಅಂಗಡಿಯ ಮುಂದೆ ಏನು ನಡೆಯುತ್ತದೆ ಎಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುಡಿತ ಬಿಟ್ಟವನಿಗೆ ಹಣ ಹೇಗೆ, ಯಾವ ದಿನ ಕೊಡಬೇಕು ಎಂಬುದನ್ನು ಅವನ ಜೊತೆಗೇ ಕುಳಿತು ತೀರ್ಮಾನಿಸಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಮುಂಗಡ ಕೊಟ್ಟು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಕಟ್ಟಿಹಾಕುವ ಪದ್ಧತಿಗೆ ಈ ಯೋಜನೆ ಮುಖವಾಡವಾಗಬಾರದು. ಜೀತ ಪದ್ಧತಿಯನ್ನು ನಿಷೇಧಿಸುವ ಕಾನೂನು 1976ರಲ್ಲೇ ಬಂದಿದೆ. ಇಲ್ಲಿನ ಬುಡಕಟ್ಟಿನವರಾದ ಎರವರಿಗೂ ಜೇನುಕುರುಬರಿಗೂ ಸಾಲದ ಪುಸ್ತಕ ಏನೆಂದು ಚೆನ್ನಾಗಿ ಗೊತ್ತು. "ತರಬೇತಿ" ಎಂಬ ಹೆಸರಿನಲ್ಲಿ ಅರ್ಧ ಕೂಲಿ ಕೊಡುವ ತೋಟಕ್ಕೆ ಒಬ್ಬನನ್ನೂ ಕಳುಹಿಸಬಾರದು.

ಪಕ್ಕದಲ್ಲಿ ನಿಂತು ಕಲಿಸುವ ಜೊತೆಗಾರನ ಸಂಬಳ ಯಾರು ಕೊಡುವುದು ಎಂದು ನೀವು ಕೇಳಬಹುದು. ಒಬ್ಬ ಬೆಳೆಗಾರರಿಗೆ ಅದು ಹೊರೆ. ಅಕ್ಕಪಕ್ಕದ ನಾಲ್ಕೈದು ನರ್ಸರಿಗಳು ಸೇರಿ ಒಬ್ಬರನ್ನು ನೇಮಿಸಿಕೊಂಡರೆ ನಡೆಯುತ್ತದೆ, ಸಹಕಾರ ಸಂಘವೂ ಕೈಜೋಡಿಸಿದರೆ ಇನ್ನೂ ಸುಲಭ. ಆ ವ್ಯಕ್ತಿಗೆ ಪದವಿಗಿಂತ ಚೀಲ ತುಂಬಲು ಬರುವುದು, ಬೆಳಿಗ್ಗೆ ಆನೆ ರಸ್ತೆಯಲ್ಲಿದ್ದರೆ ಹಾಡಿಗೆ ಫೋನ್ ಮಾಡಿ ತಿಳಿಸುವುದು, ಡಾಕ್ಟರರ ಬಳಿಗೆ ಹೋಗುವ ದಿನ ರಜೆ ಕೊಡಿಸುವುದು ಮುಖ್ಯ.

ಡಿಸೆಂಬರಿನಲ್ಲಿ ಬೀಜ ಪಾತಿಗೆ ಬೀಳುತ್ತದೆ. ಮನಸ್ಸಿರುವ ಬೆಳೆಗಾರರು ನವೆಂಬರಿನೊಳಗೆ ನೆರೆಯ ತೋಟದವರೊಡನೆ ಮಾತನಾಡಿಕೊಂಡು, ಎಷ್ಟು ಜಾಗ ಕೊಡಬಲ್ಲೆವು ಎಂದು ಬರೆದಿಟ್ಟುಕೊಳ್ಳಿ. ನಮಸ್ಕಾರ.