170 ಅಡಿ ಜರುಗಿದ ಥಿಯೇಟರು

ನಮಸ್ಕಾರ, ಬನ್ನಿ. ಈಗ ನಿಮಗೆ ಕಾಣುತ್ತಿರುವುದು ನ್ಯೂಯಾರ್ಕಿನ 42ನೇ ಬೀದಿ. ಶನಿವಾರ ಬೆಳಗ್ಗೆ ಹನ್ನೊಂದು ಗಂಟೆ. ಹಿಂದೆ ಕೇಳುತ್ತಿರುವ ಗಲಾಟೆಗೆ ನಾನು ಹೊಣೆಯಲ್ಲ. ಇದು ಪೋರ್ಟ್ ಅಥಾರಿಟಿ ಬಸ್ ಸ್ಟ್ಯಾಂಡಿನ ಪಕ್ಕ, ಇಲ್ಲಿ ಯಾವಾಗಲೂ ಹೀಗೇ. ನ್ಯೂಜೆರ್ಸಿಯಿಂದ ಬಸ್ಸಿನಲ್ಲಿ ಬರುವ ನಮ್ಮಂಥವರು ಇಳಿಯುವುದೇ ಇಲ್ಲಿ. ಎಷ್ಟು ವರ್ಷದಿಂದ ಈ ಬಾಗಿಲಲ್ಲಿ ಹೊರಗೆ ಬಂದು, ತಲೆ ಬಗ್ಗಿಸಿಕೊಂಡು ಆಫೀಸಿಗೆ ಓಡಿದ್ದೇನೋ. ರಸ್ತೆ ದಾಟಿದರೆ ಸಿಗುವ ಆ ಕಟ್ಟಡವನ್ನು ಮಾತ್ರ ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ನೋಡಿದ್ದು ಅಮ್ಮ.

ಅಮ್ಮ ದಾವಣಗೆರೆಯಿಂದ ಬಂದು ಎರಡು ತಿಂಗಳಾಯಿತು. ಮನೆಯಲ್ಲಿ ಕೂತು ಕೂತು ಬೇಜಾರು ಅಂದಳು. ಸರಿ, ಸಿನಿಮಾಗೆ ಹೋಗೋಣ ಅಂತ ಕರೆದುಕೊಂಡು ಬಂದೆ. ಎಎಂಸಿ ಎಂಪೈರ್ 25. ಹೆಸರೇ ಹೇಳುವ ಹಾಗೆ ಇಪ್ಪತ್ತೈದು ಪರದೆಗಳ ಮಲ್ಟಿಪ್ಲೆಕ್ಸ್. ನಾನು ಫೋನಿನಲ್ಲಿ ಟಿಕೆಟ್ ಹುಡುಕುತ್ತಿದ್ದೆ. ಅಮ್ಮ ಎಸ್ಕಲೇಟರ್ ಹತ್ತಿರ ನಿಂತುಬಿಟ್ಟಳು.

"ಇದು ನಾಟಕದ ಥಿಯೇಟರ್ ಕಣೋ. ಮೇಲೆ ನೋಡು."

ಮೇಲೆ ನೋಡಿದೆ. ನೀವೂ ನೋಡಿ, ಕ್ಯಾಮೆರಾ ಎತ್ತುತ್ತೇನೆ. ಕಮಾನು, ಗಚ್ಚಿನ ಕೆತ್ತನೆ, ಚಿತ್ರ ಬರೆದ ಚಾವಣಿ. ಕಾಲಡಿ ಪಾಪ್‌ಕಾರ್ನ್ ವಾಸನೆ, ತಲೆ ಮೇಲೆ 1912. ಅಲ್ಲಿ ಮೂವರು ಹೆಂಗಸರ ಚಿತ್ರ ಇದೆಯಲ್ಲ, ಆ ಮೂವರದೂ ಒಬ್ಬ ಗಂಡಸಿನ ಮುಖ ಅಂತ ಹೇಳುವವರಿದ್ದಾರೆ. ಆ ಗಂಡಸಿನ ಹೆಸರೇ ಈ ಥಿಯೇಟರಿಗೆ ಮೊದಲು ಇದ್ದದ್ದು. ಜೂಲಿಯನ್ ಎಲ್ಟಿಂಜ್.

ಹೆಸರು ಕೇಳಿದ್ದೀರಾ? ನಾನೂ ಕೇಳಿರಲಿಲ್ಲ.

ಹುಟ್ಟಿದ್ದು 1881ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ. ಕೆಲಸ ಹೆಣ್ಣಿನ ಪಾರ್ಟು. ಸುಮ್ನೆ ಸೀರೆ ಉಟ್ಟು ಕುಣಿದು ನಗಿಸುವ ಥರದ್ದಲ್ಲ. ಮುಖಕ್ಕೆ ಬಣ್ಣ ಹಚ್ಚಲು, ಸೊಂಟಕ್ಕೆ ಕಾರ್ಸೆಟ್ ಬಿಗಿಯಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಶುರುವಿನಲ್ಲಿ ಜಾಹೀರಾತಿನಲ್ಲಿ ಬರೀ 'ಎಲ್ಟಿಂಜ್' ಅಂತ ಹಾಕುತ್ತಿದ್ದರು. ನೋಡುವವರಿಗೆ ಹೆಣ್ಣೋ ಗಂಡೋ ಗೊತ್ತಾಗಬಾರದು. ಹಾಡು ಮುಗಿದ ಮೇಲೆ ವಿಗ್ ತೆಗೆದರೆ ಜನ ಹೌಹಾರಬೇಕು. 1906ರಲ್ಲಿ ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್ ಎದುರು ಆಡಿ ಬಂದರು. 1911ರಲ್ಲಿ ಬ್ರಾಡ್‌ವೇಯಲ್ಲಿ ಚೆಲುವೆ ವಿಧವೆಯ ವೇಷದ ಒಂದು ಸಂಗೀತ ನಾಟಕ ಬಂತು. ಮರುವರ್ಷ ಅವರ ಹೆಸರಿನಲ್ಲಿ ಥಿಯೇಟರೇ ಎದ್ದಿತು. ಅವರ ಹೆಸರಿನ ಕೋಲ್ಡ್ ಕ್ರೀಮ್ ಇತ್ತು. ಹೆಂಗಸರಿಗೆ ಚೆಲುವಿನ ಸಲಹೆ ಕೊಡುವ ಪತ್ರಿಕೆಯೂ ಇತ್ತು!

ಇಷ್ಟು ಹೇಳುವಷ್ಟರಲ್ಲಿ ಅಮ್ಮ, "ಬಾಲಗಂಧರ್ವರ ಹಾಗೆ ಅನ್ನು" ಅಂದಳು. ನಮ್ಮ ಅಜ್ಜನಿಗೆ ಕಂಪನಿ ನಾಟಕದ ಹುಚ್ಚು. ಮರಾಠಿ ನಾಟಕಗಳಲ್ಲಿ ಹೆಣ್ಣಿನ ಪಾರ್ಟು ಮಾಡುತ್ತಿದ್ದ ಬಾಲಗಂಧರ್ವರು ಸ್ಟೇಜಿನ ಮೇಲೆ ಉಟ್ಟ ಸೀರೆಯ ಥರದ್ದೇ ತಮಗೂ ಬೇಕು ಅಂತ ಮನೆ ಹೆಂಗಸರು ಕೇಳುತ್ತಿದ್ದರಂತೆ. ಹಾಡು ಚೆನ್ನಾಗಿದ್ದರೆ ಜನ 'ಒನ್ಸ್ ಮೋರ್' ಅಂತ ಕೂಗಿ, ಸತ್ತು ಬಿದ್ದ ಪಾತ್ರವನ್ನೂ ಎಬ್ಬಿಸಿ ಹಾಡಿಸುತ್ತಿದ್ದರಂತೆ. ಅಜ್ಜನ ಕಥೆಗಳಲ್ಲಿ ಎಷ್ಟು ಉಪ್ಪು ಖಾರ ಸೇರಿತ್ತೋ ಗೊತ್ತಿಲ್ಲ. ಆದರೆ ಇಬ್ಬರೂ ಒಂದೇ ಕಾಲದವರು ಅನ್ನುವುದು ನಿಜ. ಬಾಲಗಂಧರ್ವರು ಹುಟ್ಟಿದ್ದು 1888ರಲ್ಲಿ. ಒಬ್ಬರ ಹೆಸರು ಹೇಳಿದರೆ ಇವತ್ತಿಗೂ ಹುಬ್ಬಳ್ಳಿ, ಧಾರವಾಡದ ಹಿರಿಯರು ಕೈಮುಗಿಯುತ್ತಾರೆ. ಇನ್ನೊಬ್ಬರ ಚಾವಣಿಯ ಕೆಳಗೆ ದಿನಕ್ಕೆ ಸಾವಿರಾರು ಜನ ನ್ಯಾಚೋಸ್ ಹಿಡಿದು ಓಡಾಡುತ್ತಾರೆ, ಹೆಸರು ಗೊತ್ತಿಲ್ಲ.

ಎಲ್ಟಿಂಜ್ ಕೊನೆಗಾಲ ಚೆನ್ನಾಗಿರಲಿಲ್ಲ. 1930ರ ದಶಕದಲ್ಲಿ ಕಾಲ ಬದಲಾಯಿತು. ಗಂಡಸು ಹೆಣ್ಣಿನ ಉಡುಪು ಹಾಕಿದರೆ ಪೊಲೀಸರು ಕೇಳುವ ಹಾಗಾಯಿತು. ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿನಲ್ಲಿ ಅವರು ಸೂಟು ಹಾಕಿಕೊಂಡೇ ನಿಂತು, ಪಕ್ಕದಲ್ಲಿ ತಮ್ಮ ಹಳೆಯ ಗೌನುಗಳನ್ನು ನೇತುಹಾಕಿಸಿ, ಒಂದೊಂದನ್ನೇ ತೋರಿಸುತ್ತ ಆ ಪಾತ್ರದ ಮಾತಾಡಬೇಕಾಯಿತು. ಆ ದೃಶ್ಯ ನೆನೆಸಿಕೊಂಡರೆ ನನಗೆ ಹೊಟ್ಟೆ ತೊಳಸುತ್ತದೆ. 1941ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಅಷ್ಟೊತ್ತಿಗೆ ಅವರ ಥಿಯೇಟರಿನಲ್ಲಿ ಬಟ್ಟೆ ಬಿಚ್ಚುವ ಕುಣಿತ ನಡೆಯುತ್ತಿತ್ತು. ಆಮೇಲೆ ಸಿನಿಮಾ ಮಂದಿರವಾಯಿತು, ಹೆಸರು ಎಂಪೈರ್ ಆಯಿತು. 1998ರಲ್ಲಿ ಈ ಬೀದಿಯನ್ನೆಲ್ಲ ಹೊಸದಾಗಿ ಕಟ್ಟಿದರು. ಹಾಗೆ ಕಟ್ಟುವಾಗ ಇಡೀ ಥಿಯೇಟರನ್ನು ಬುಡದಿಂದ ಬಿಡಿಸಿ, ಹಳಿ ಹಾಕಿ, ಸುಮಾರು 170 ಅಡಿ ಪಶ್ಚಿಮಕ್ಕೆ ಜರುಗಿಸಿದರು. ಒಂದು ಇಟ್ಟಿಗೆ ಎರಡು ಇಟ್ಟಿಗೆ ಅಲ್ಲ, ಮೂರು ಸಾವಿರ ಟನ್ನಿಗೂ ಜಾಸ್ತಿ ತೂಕ. ನಮ್ಮ ತೇರು ಎಳೆದ ಹಾಗೇ. ಎಳೆಯುವುದಕ್ಕೆ ಮುಂದೆ ಯಾರಿದ್ದರು ಗೊತ್ತಾ? ಎರಡು ದೊಡ್ಡ ಬಲೂನು, ಅಬ್ಬಾಟ್ ಮತ್ತು ಕಾಸ್ಟೆಲೊ ಅನ್ನುವ ಹಾಸ್ಯ ಜೋಡಿಯ ಆಕಾರದಲ್ಲಿ. ಅವರಿಬ್ಬರೂ 1930ರ ದಶಕದಲ್ಲಿ ಜೊತೆಯಾಗಿ ಆಡಲು ಶುರು ಮಾಡಿದ್ದು ಇದೇ ಥಿಯೇಟರಿನಲ್ಲಿ. ಅವರನ್ನು ನೆನೆದರು ನೋಡಿ. ಎಲ್ಟಿಂಜ್ ಬಲೂನು ಮಾಡಿಸುವುದು ಯಾರಿಗೂ ಹೊಳೆಯಲಿಲ್ಲ.

ಸಿನಿಮಾ ನೋಡಿದೆವು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಅಮ್ಮ ಅರ್ಧ ನಿದ್ದೆ ಮಾಡಿದಳು.

ಹೊರಗೆ ಬಂದು ಅದೇ ಸಾಲಿನಲ್ಲಿ ಏಳನೇ ಅವೆನ್ಯೂ ಕಡೆ ನಡೆದರೆ ನ್ಯೂ ಆಮ್‌ಸ್ಟರ್‌ಡ್ಯಾಮ್ ಥಿಯೇಟರ್. 1903ರದ್ದು. ಈಗ ಡಿಸ್ನಿಯವರು ಅಲಾದೀನ್ ಆಡಿಸುತ್ತಿದ್ದಾರೆ. ನೂರು ವರ್ಷದ ಹಿಂದೆ ಇಲ್ಲಿ ನಡೆಯುತ್ತಿದ್ದದ್ದು ಜೀಗ್‌ಫೆಲ್ಡ್ ಫಾಲೀಸ್. ಹಾಡು, ಕುಣಿತ, ಹಾಸ್ಯ, ಸಾಲು ಸಾಲು ಚೆಲುವೆಯರು. ಆ ಚೆಲುವೆಯರಲ್ಲಿ ಒಬ್ಬಾಕೆ ಆಲಿವ್ ಥಾಮಸ್. ಆಮೇಲೆ ಸಿನಿಮಾ ತಾರೆಯಾದಳು. 1920ರಲ್ಲಿ ಪ್ಯಾರಿಸ್‌ನಲ್ಲಿ ವಿಷ ಹೊಟ್ಟೆಗೆ ಹೋಗಿ 25ನೇ ವಯಸ್ಸಿಗೇ ಸತ್ತಳು. ಈಗ ಅವಳು ಈ ಥಿಯೇಟರಿನ ದೆವ್ವ! ತಮಾಷೆಯಲ್ಲ. ಕಲಾವಿದರು ಬರುವ ಹಿಂಬಾಗಿಲಲ್ಲಿ ಅವಳ ಫೋಟೋ ಹಾಕಿದ್ದಾರೆ. ಕೆಲಸದವರು ಬರುವಾಗ ಹೋಗುವಾಗ ಅದಕ್ಕೆ ವಂದನೆ ಹೇಳುತ್ತಾರೆ. ಅವಳ ಸಿನಿಮಾ ನೋಡಿದವರು ಅವರಲ್ಲಿ ಎಷ್ಟು ಜನವೋ. ದೆವ್ವವಾದ್ದರಿಂದ ಹೆಸರು ಉಳಿಯಿತು.

ನಾನು ಇಲ್ಲಿ ನಿಂತದ್ದು ಇನ್ನೊಬ್ಬರಿಗಾಗಿ. ಬರ್ಟ್ ವಿಲಿಯಮ್ಸ್.

1874ರಲ್ಲಿ ಬಹಾಮಾಸ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದರು. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾರ್ಜ್ ವಾಕರ್ ಸಿಕ್ಕರು, ಜೋಡಿಯಾಯಿತು. ಆ ಕಾಲದಲ್ಲಿ ಬಿಳಿಯರು ಮುಖಕ್ಕೆ ಸುಟ್ಟ ಬೆಂಡಿನ ಮಸಿ ಬಳಿದುಕೊಂಡು ಕಪ್ಪು ಜನರನ್ನು ಆಡಿಕೊಳ್ಳುವ ಆಟಕ್ಕೆ ಭಾರೀ ಬೇಡಿಕೆ. ಇವರಿಬ್ಬರು ತಾವು ಅಸಲಿ ಅಂತ ಜಾಹೀರಾತು ಹಾಕಿದರು, ಇವತ್ತು ಬಾಯಲ್ಲಿ ಹೇಳಲಾಗದ ಬೈಗುಳದ ಮಾತಿನಲ್ಲೇ. ಆದರೂ ಬರ್ಟ್ ತಮ್ಮ ಮುಖಕ್ಕೆ ಮಸಿ ಬಳಿದುಕೊಳ್ಳಬೇಕಾಯಿತು. ಅವರ ಮೈಬಣ್ಣ ತಿಳಿಯಾಗಿತ್ತು. ಕಪ್ಪು ಮನುಷ್ಯ ಕಪ್ಪು ಮನುಷ್ಯನ ವೇಷ ಹಾಕುವುದು ಅಂದರೆ ಏನು ಅಂತ ಒಂದು ನಿಮಿಷ ಯೋಚನೆ ಮಾಡಿ.

1903ರಲ್ಲಿ ಇವರ ತಂಡ ಬ್ರಾಡ್‌ವೇಯ ದೊಡ್ಡ ಥಿಯೇಟರೊಂದಕ್ಕೆ ಪೂರ್ಣ ಪ್ರಮಾಣದ ಸಂಗೀತ ನಾಟಕ ತಂದಿತು. ಬರೆದವರು, ಆಡಿದವರು ಎಲ್ಲ ಕಪ್ಪು ಜನರೇ. ಅಂಥದ್ದು ಅದೇ ಮೊದಲು. ಅದೇ ವರ್ಷ ಲಂಡನ್ನಿಗೆ ಹೋಗಿ ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಆಡಿದರು. ಮೂರು ವರ್ಷದ ನಂತರ ಎಲ್ಟಿಂಜ್ ಆಟ ನೋಡಿದ ಅದೇ ಎಡ್ವರ್ಡ್ ದೊರೆ.

ಆ ತಂಡದಲ್ಲಿ ಜಾರ್ಜ್ ಅವರ ಹೆಂಡತಿಯೂ ಇದ್ದರು, ಏಡಾ ಓವರ್ಟನ್ ವಾಕರ್. ಕೇಕ್‌ವಾಕ್ ಅನ್ನುವ ಕುಣಿತದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 1909ರಲ್ಲಿ ಗಂಡ ಕಾಯಿಲೆ ಬಿದ್ದು ಸ್ಟೇಜ್ ಹತ್ತಲಾಗದಾಗ, ಈಕೆ ಗಂಡನ ಸೂಟು ಹಾಕಿಕೊಂಡು ಗಂಡನ ಹಾಡು ಹಾಡಿದರು. ನಾಟಕ ನಿಲ್ಲಲಿಲ್ಲ. ಅತ್ತ ಎಲ್ಟಿಂಜ್ ಗೌನು ಹಾಕಿ ಹಣ ಎಣಿಸುತ್ತಿದ್ದ ಅದೇ ವರ್ಷಗಳಲ್ಲಿ! ಮುಂದೆ 1912ರಲ್ಲಿ ಈ ಬೀದಿಯ ಮೂಲೆಯಲ್ಲಿದ್ದ ಹ್ಯಾಮರ್‌ಸ್ಟೈನ್ ವಿಕ್ಟೋರಿಯಾ ಥಿಯೇಟರಿನಲ್ಲಿ ಸಲೋಮೆ ನೃತ್ಯ ಮಾಡಿದರು. ಎರಡು ವರ್ಷದಲ್ಲಿ, 34ಕ್ಕೆ, ತೀರಿಕೊಂಡರು.

ವಿಕ್ಟೋರಿಯಾ ಇದ್ದ ಜಾಗ ಇದೇ, ಈಗ ಗಾಜಿನ ಕಟ್ಟಡ. ಅದು ವಾಡ್‌ವಿಲ್ ಮನೆ. ಒಂದೇ ಟಿಕೆಟಿಗೆ ಹಾಡು, ಜಾದು, ದೊಂಬರಾಟ, ನಾಯಿಯಾಟ ಎಲ್ಲ. ಈವಾ ಟ್ಯಾಂಗ್ವೇ ಅನ್ನುವ ಗಾಯಕಿ ಇಂಥ ಕಡೆಗಳಲ್ಲಿ ವಾರಕ್ಕೆ 3,500 ಡಾಲರ್ ತೆಗೆದುಕೊಳ್ಳುತ್ತಿದ್ದರು, ತಾಮ್ರದ ಪೆನ್ನಿ ನಾಣ್ಯಗಳನ್ನೇ ಪೋಣಿಸಿದ ಉಡುಪು ಹಾಕಿಕೊಂಡು ಕುಣಿಯುತ್ತಿದ್ದರು. 1929ರ ಷೇರು ಕುಸಿತದಲ್ಲಿ ಹಣವೆಲ್ಲ ಹೋಯಿತು. 1947ರಲ್ಲಿ ಬಡತನದಲ್ಲೇ ಸತ್ತರು. ಅವರ ಕಥೆ ಬೇರೆಯದೇ ವಿಡಿಯೋ ಬೇಡುತ್ತದೆ. ಮತ್ತೆ ಬರ್ಟ್ ಕಡೆಗೆ ಹೋಗೋಣ.

1910ರಲ್ಲಿ ಫಾಲೀಸ್ ನಡೆಸುತ್ತಿದ್ದ ಜೀಗ್‌ಫೆಲ್ಡ್, ಬರ್ಟ್ ಅವರನ್ನು ತಮ್ಮ ಆಟಕ್ಕೆ ಕರೆದರು. ಬಿಳಿಯ ನಟರು, ಇವನಿದ್ದರೆ ನಾವಿಲ್ಲ ಅಂದರು. ನಿಮ್ಮಲ್ಲಿ ಯಾರ ಬದಲಿಗೆ ಬೇಕಾದರೂ ಬೇರೆಯವರನ್ನು ತರಬಲ್ಲೆ, ನೀವು ತೆಗೆಯಿರಿ ಅನ್ನುವ ಆ ಮನುಷ್ಯನೊಬ್ಬನನ್ನು ಬಿಟ್ಟು, ಅಂತ ಜೀಗ್‌ಫೆಲ್ಡ್ ಹೇಳಿದರಂತೆ. ಬರ್ಟ್ ಸುಮಾರು ಹತ್ತು ವರ್ಷ ನಿಂತರು. ಜನ ನಕ್ಕು ನಕ್ಕು ಸಾಕಾಗುತ್ತಿದ್ದರು. ಆಟ ಮುಗಿಸಿ ಹೋಟೆಲಿಗೆ ಹೋದರೆ ಹಿಂದಿನ ಲಿಫ್ಟ್ ಹತ್ತಬೇಕು. ಎಡ್ಡಿ ಕ್ಯಾಂಟರ್ ಅನ್ನುವ ಗೆಳೆಯನಿಗೆ ಒಮ್ಮೆ ಹೇಳಿದರಂತೆ, ಆ ಚಪ್ಪಾಳೆ ಇನ್ನೂ ಕಿವಿಯಲ್ಲಿ ಮೊಳಗುತ್ತಿರದಿದ್ದರೆ ಇದು ಇಷ್ಟು ಕಷ್ಟವಾಗುತ್ತಿರಲಿಲ್ಲ ಅಂತ.

1919ರ ಆಗಸ್ಟಿನಲ್ಲಿ ನಟರ ಮುಷ್ಕರವಾಯಿತು. ಬರ್ಟ್ ಎಂದಿನ ಹಾಗೆ ಥಿಯೇಟರಿಗೆ ಬಂದರು. ಬಣ್ಣ ಹಚ್ಚಿಕೊಂಡರು, ಉಡುಪು ಹಾಕಿಕೊಂಡರು, ಹೊರಗೆ ಬಂದರೆ ಇಡೀ ಸಭಾಂಗಣ ಖಾಲಿ. ಅವರಿಗೆ ಯಾರೂ ತಿಳಿಸಿರಲೇ ಇಲ್ಲ. ಸಂಘಕ್ಕೆ ಅವರು ಸೇರಿದವರಲ್ಲ. ಈ ಪ್ರಸಂಗವನ್ನು ಬರ್ಟ್ ಹೇಳಿಕೊಂಡದ್ದು ಹಾಸ್ಯನಟ ಡಬ್ಲ್ಯು. ಸಿ. ಫೀಲ್ಡ್ಸ್ ಹತ್ತಿರ. ತಾನು ಕಂಡ ಅತಿ ದೊಡ್ಡ ನಗೆಗಾರನೂ ಇವನೇ, ತನಗೆ ಗೊತ್ತಿರುವ ಅತಿ ದುಃಖಿಯೂ ಇವನೇ ಅಂತ ಅದೇ ಫೀಲ್ಡ್ಸ್ ಹೇಳಿದ್ದುಂಟು. ಬರ್ಟ್ ಬಗ್ಗೆ ಬರೆಯುವವರೆಲ್ಲ ಈ ಎರಡನೇ ಮಾತು ಹಿಡಿಯುತ್ತಾರೆ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಬಣ್ಣ ಹಚ್ಚಿಕೊಂಡು ಖಾಲಿ ಕುರ್ಚಿಗಳ ಎದುರು ನಿಂತ ಆ ಮನುಷ್ಯ.

ಇದು ಮುಂದಿನ ವಾರ ತೆಗೆದದ್ದು. ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನ, 4ನೇ ನಂಬರಿನ ರೈಲಿನ ಕೊನೇ ಸ್ಟಾಪು. ಅಮ್ಮ ಬರಲಿಲ್ಲ. ಸಿನಿಮಾಗೆ ಕರಿ ಬರುತ್ತೇನೆ, ಸ್ಮಶಾನ ನೋಡಲು ಅಮೆರಿಕಕ್ಕೆ ಬಂದಿಲ್ಲ ಅಂದಳು. ದೆವ್ವವಾದ ಆಲಿವ್ ಥಾಮಸ್ ಇರುವುದೂ ಇಲ್ಲೇ, ಕಲ್ಲಿನ ಗುಡಿಯಂಥ ಸಮಾಧಿಯಲ್ಲಿ. ಬರ್ಟ್ ಮಲಗಿರುವುದೂ ಇದೇ ಆವರಣದಲ್ಲಿ. 1922ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಆಡುತ್ತಿರುವಾಗಲೇ ಸ್ಟೇಜಿನ ಮೇಲೆ ಕುಸಿದರು. ಇದೂ ಆಟದ ಭಾಗ ಅಂದುಕೊಂಡು ಜನ ನಕ್ಕರು. ಮಾರ್ಚ್ 4ಕ್ಕೆ ನ್ಯೂಯಾರ್ಕಿನಲ್ಲಿ ಪ್ರಾಣ ಹೋಯಿತು. 47 ವರ್ಷ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1913ರಲ್ಲಿ ಬರ್ಟ್ ಒಂದು ಸಿನಿಮಾದಲ್ಲಿ ನಟಿಸಿದ್ದರು. ತಾರಾಗಣವೆಲ್ಲ ಕಪ್ಪು ಜನರೇ. ಚಿತ್ರೀಕರಣವಾಯಿತು, ಜೋಡಣೆಯಾಗಲಿಲ್ಲ, ಬಿಡುಗಡೆಯೂ ಆಗಲಿಲ್ಲ. ಬಯೋಗ್ರಾಫ್ ಕಂಪನಿಯ ಹಳೆಯ ನೆಗೆಟಿವ್ ಡಬ್ಬಿಗಳನ್ನು 1930ರ ದಶಕದ ಕೊನೆಗೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತೆಗೆದುಕೊಂಡಿತು. ಆ ರಾಶಿಯಲ್ಲಿ ಇದರ ಏಳು ರೀಲುಗಳೂ ಇದ್ದವು, ಹೆಸರಿಲ್ಲದೆ. ಅದು ಏನು ಅಂತ ಬಿಡಿಸಿ ನೋಡಿ ಜನರಿಗೆ ತೋರಿಸಿದ್ದು 2014ರಲ್ಲಿ. ನೂರು ವರ್ಷ ದಾಟಿತ್ತು.

ಅದರ ತುಣುಕುಗಳನ್ನು ನಿನ್ನೆ ರಾತ್ರಿ ಎಡಿಟಿಂಗ್ ಮಾಡುತ್ತ ಲ್ಯಾಪ್‌ಟಾಪಿನಲ್ಲಿ ಹಾಕಿದ್ದೆ. ಅಮ್ಮ ಎದುರಿಗೆ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಶಬ್ದವಿಲ್ಲದ ಚಿತ್ರ. ಜಾತ್ರೆಯ ತಿರುಗುಕುದುರೆಯ ಮೇಲೆ ಬರ್ಟ್, ಜೊತೆಗೆ ನಾಯಕಿ ಒಡೆಸ್ಸಾ ವಾರೆನ್ ಗ್ರೇ. ಅವರ ಮುಖಕ್ಕೆ ಮಾತ್ರ ಮಸಿ, ಆಕೆಯ ಮುಖಕ್ಕೆ ಇಲ್ಲ. ಕುದುರೆ ಸುತ್ತುತ್ತದೆ, ಇಬ್ಬರೂ ನಗುತ್ತಾರೆ. ಎರಡು ಟೇಕ್‌ಗಳ ನಡುವೆ ಕ್ಯಾಮೆರಾ ನಿಲ್ಲಿಸದ ಕಡೆ ನಟರು ಸುಮ್ನೆ ನಿಂತು ಹರಟುವುದೂ ಕಾಣುತ್ತದೆ.

ಅಮ್ಮನ ಕೈ ನಿಂತಿತು. "ಯಾರಂದೆ ಇವನು?"

"ಬರ್ಟ್ ವಿಲಿಯಮ್ಸ್."

"ಬರ್ಟ್ ವಿಲಿಯಂಸು," ಅಂತ ಒಮ್ಮೆ ಹೇಳಿಕೊಂಡಳು. ತುಣುಕು ಮುಗಿಯಿತು. ಪರದೆ ಕಪ್ಪಾಯಿತು.

"ಒನ್ಸ್ ಮೋರ್," ಅಂದಳು.