ವೆಂಟ್ರಿ ಅಂದ್ರೆ ಬಿಳಿ ಮರಳು: ಐರ್ಲೆಂಡ್ ಕಡಲತೀರದ ಊರ ಹೆಸರುಗಳು

[ದೃಶ್ಯ: ಬಾಗಿದ ಕಡಲತೀರ, ಅಲೆಗಳ ಸದ್ದು]

ನಮಸ್ಕಾರ. ಇದು ಐರ್ಲೆಂಡಿನ ಕೆರಿ ಕೌಂಟಿ, ಡಿಂಗಲ್ ಪರ್ಯಾಯ ದ್ವೀಪ. ಈ ಊರಿಗೆ ಇಂಗ್ಲಿಷ್‌ನಲ್ಲಿ ವೆಂಟ್ರಿ ಅಂತಾರೆ. ಇಂಗ್ಲಿಷ್‌ನಲ್ಲಿ ಆ ಪದಕ್ಕೆ ಅರ್ಥವೇ ಇಲ್ಲ. ಅದು ಹುಟ್ಟಿದ್ದು 'ಫ್ಯೂನ್ ತ್ರಾ' ಎಂಬ ಹೆಸರಿನಿಂದ, ಅದು ಐರ್ಲೆಂಡಿನ ಸ್ವಂತ ಭಾಷೆ ಗೇಲಿಕ್‌ನದು. ತ್ರಾ ಅಂದ್ರೆ ಮರಳ ತೀರ. ಫ್ಯೂನ್ ಅಂದ್ರೆ ಬಿಳಿ. ಆದರೆ ಸುಮ್ನೆ ಬಿಳಿಯಲ್ಲ, ಹೊಳೆಯುವ ಬಿಳಿ. ಹೊಂಬಣ್ಣದ ಕೂದಲಿಗೂ ಅದೇ ಪದ. ಹತ್ತಿರದ ಗ್ರೇಟ್ ಬ್ಲ್ಯಾಸ್ಕೆಟ್ ದ್ವೀಪದಲ್ಲೂ ಒಂದು ಬಿಳಿ ತೀರವಿದೆ. ಅದು 'ಅನ್ ತ್ರಾ ವಾನ್'. ಅಲ್ಲಿ ಬಿಳಿಗೆ ಬೇರೆ ಪದ! ಬಿಸಿಲಲ್ಲಿ ಈ ಮರಳು ನೋಡಿ, ಫ್ಯೂನ್ ಅಂತ ಯಾಕೆ ಕರೆದರೋ ತಾನಾಗಿ ಹೊಳೆಯುತ್ತದೆ.

[ದೃಶ್ಯ: ಬಂಡೆ ಅಂಚಿನ ಕಿರಿದಾದ ರಸ್ತೆ]

ಇದು ಸ್ಲೇ ಹೆಡ್. ಗೇಲಿಕ್‌ನಲ್ಲಿ 'ಕ್ಯೌನ್ ಶ್ಲೇವ', ಬೆಟ್ಟದ ತಲೆ. ಇಲ್ಲಿ ಒಂದು ವಿಚಿತ್ರ ಆಗಿದೆ. ಕ್ಯೌನ್ ಅನ್ನೋದನ್ನು 'ಹೆಡ್' ಅಂತ ಅನುವಾದಿಸಿದರು. ಶ್ಲೇವವನ್ನು ಕಿವಿಗೆ ಬಿದ್ದ ಹಾಗೆ 'ಸ್ಲೇ' ಅಂತ ಬರೆದರು. ತಲೆ ಉಳಿಯಿತು, ಬೆಟ್ಟ ಹೋಯಿತು. ನಮ್ಮ ಮಡಿಕೇರಿ ಮರ್ಕಾರಾ ಆಗಿತ್ತಲ್ವಾ, ಹಾಗೇ.

ಈ ಬದಲಾವಣೆ ನೂರಾರು ವರ್ಷ ನಡೆಯಿತು. 1824ರಲ್ಲಿ ಬ್ರಿಟಿಷರು ನಕಾಶೆ ಮಾಡಲು ನಡೆಸಿದ ಆರ್ಡ್‌ನನ್ಸ್ ಸರ್ವೆ ಶುರುವಾದ ಮೇಲೆ ಇಂಗ್ಲಿಷ್ ಕಾಗುಣಿತವೇ ನಕಾಶೆಯಲ್ಲಿ ಗಟ್ಟಿಯಾಯಿತು. ಆದರೆ ಅದೇ ಸರ್ವೆಯಲ್ಲಿ ಜಾನ್ ಒ'ಡೊನೊವನ್ ಎಂಬ ವಿದ್ವಾಂಸರಿದ್ದರು. ಊರೂರು ತಿರುಗಿ, ಹಿರಿಯರನ್ನು ಕೇಳಿ, ಗೇಲಿಕ್ ಹೆಸರುಗಳನ್ನೂ ಬರೆದಿಟ್ಟರು. ಅವರಿಗೆ ನಾವು ಕೈಮುಗಿಯಬೇಕು.

2005ರಲ್ಲಿ ಇಲ್ಲಿನ ಗೇಲಿಕ್ ಹೆಸರುಗಳಿಗೇ ಅಧಿಕೃತ ಸ್ಥಾನ ಸಿಕ್ಕಿತು. ಡಿಂಗಲ್ ಪಟ್ಟಣ 'ಅನ್ ಡ್ಯಾಂಗನ್' ಆಯಿತು, ಅಂದ್ರೆ ಕೋಟೆ. ಪ್ರವಾಸಿಗರಿಗೆ ಗೊತ್ತಿರೋದು ಡಿಂಗಲ್ ಹೆಸರೇ ಅಂತ ಊರವರು ತಕರಾರು ತೆಗೆದರು. 2011ರ ಕಾನೂನು ಇಂಗ್ಲಿಷ್ ಹೆಸರನ್ನೂ ವಾಪಸ್ ತಂದಿತು. ಎರಡೂ ಇರಲಿ ಅನ್ನೋದು ನನಗೂ ಸರಿ ಅನ್ನಿಸುತ್ತದೆ. ಗೇಲಿಕ್ ಹೆಸರು ಅಳಿಯದಿದ್ದರೆ ಸಾಕು.

[ದೃಶ್ಯ: ಕಡಲಲ್ಲಿ ಉದ್ದನೆಯ ದ್ವೀಪ, ಸಂಜೆ ಬೆಳಕು]

ಗ್ರೇಟ್ ಬ್ಲ್ಯಾಸ್ಕೆಟ್‌ನ ಕೊನೆಯ ನಿವಾಸಿಗಳನ್ನು 1953ರಲ್ಲಿ ಈಚೆ ದಡಕ್ಕೆ ಕರೆತಂದರು. ಅಲ್ಲಿನ ಬಂಡೆ, ಕೊರಕಲುಗಳ ಹೆಸರನ್ನು ದಿನವೂ ಕರೆಯುವವರು ಈಗ ಅಲ್ಲಿಲ್ಲ. ಅದರ ಉತ್ತರಕ್ಕಿರುವ ಈ ದ್ವೀಪದ ಹೆಸರೂ ಸರಳ: 'ಇನಿಶ್ ತೂಷ್ಕರ್ತ್', ಉತ್ತರದ ದ್ವೀಪ. ಆದರೆ ದಡದ ಜನ ಇದನ್ನು 'ಅನ್ ಫ್ಯಾರ್ ಮರವ್' ಅಂತಾರೆ. ಸತ್ತ ಮನುಷ್ಯ. ಒಮ್ಮೆ ನೋಡಿ. ತಲೆ ಅಲ್ಲಿ. ಹೊಟ್ಟೆ ಇಲ್ಲಿ. ಅಂಗಾತ ಮಲಗಿದ್ದಾನೆ.